ಉಳ್ಳಾಲ: ಅಳಿವೆಯ ಆಚೆಯ ಊರು

ನಮ್ಮ ಪುಣೆಗೆ ಸಮುದ್ರವಿಲ್ಲ. ಪಡುವಣ ಕಡಲು ಘಟ್ಟದ ಬುಡದಲ್ಲಿಯೇ ಇದ್ದರೂ ಮುಳಾ-ಮುಠೆಯರು ಅದಕ್ಕೆ ಬೆನ್ನುಮಾಡಿ ಮೂಡಲಿಗೆ ಹರಿದು, ಭೀಮೆಯನ್ನು ಕೂಡಿ, ವಿಜಾಪುರ ಕಲಬುರ್ಗಿಗಳ ಸೀಮೆಯನ್ನು ಹಾಯ್ದು ಕೃಷ್ಣೆಯ ಪಾಲಾಗುತ್ತಾರೆ. ಆ ನೀರಿನ ಎದುರು ದಿಕ್ಕಿನಲ್ಲಿ ನಡೆದು ಇಲ್ಲಿಗೆ ಬಂದವರು ನಮ್ಮಲ್ಲಿ ಬಹು ಮಂದಿ. ವಿದ್ಯೆಗೆಂದೋ ನೌಕರಿಗೆಂದೋ ಬಂದು ಇಲ್ಲಿಯೇ ಮನೆ ಹೂಡಿದವರು. ಇನ್ನುಳಿದವರು ಘಟ್ಟದ ಕೆಳಗಿನವರು. ಹೊಟೇಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲಾ ಪೆಟ್ಟಿಗೆಯವರೆಗೆ ಏರಿದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ನಿಂತವರು. ಈ ಇಬ್ಬರೂ ವರುಷಕ್ಕೊಮ್ಮೆ ರಾಜ್ಯೋತ್ಸವದ ಚಪ್ಪರದ ಕೆಳಗೆ ಜೋಳದ ರೊಟ್ಟಿಯನ್ನೂ ನೀರುದೋಸೆಯನ್ನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಆದರೆ ಒಬ್ಬರ ಊರು ಇನ್ನೊಬ್ಬರಿಗೆ ಹೆಸರಿನಿಂದಾಚೆ ಗೊತ್ತಿರುವುದಿಲ್ಲ.

ಹಿಂದೊಂದು ವರುಷ ಮಕ್ಕಳ ವೇಷಭೂಷಣದ ಮೆರವಣಿಗೆಯಲ್ಲಿ ಮೂವರು ವೀರವನಿತೆಯರು ಬಂದಿದ್ದರು. ಚೆನ್ನಮ್ಮನ ಕೈಯಲ್ಲಿ ಖಡ್ಗ, ಓಬವ್ವನ ಕೈಯಲ್ಲಿ ಒನಕೆ. ಮೂರನೆಯವಳು ಅಬ್ಬಕ್ಕ, ಅವಳ ಕೈಯಲ್ಲಿಯೂ ಖಡ್ಗವೇ. ಉಳ್ಳಾಲವೆಲ್ಲಿದೆ ತಾಯಿ ಎಂದು ಆ ಮಗುವನ್ನು ನಾವು ಕೇಳಿದೆವು. ಕಿತ್ತೂರಿನ ಹತ್ತಿರ ಎಂದು ಅದು ಥಟ್ಟನೆ ಉತ್ತರ ಕೊಟ್ಟಿತು. ನೆರೆದವರು ನಕ್ಕರು. ನಕ್ಕವರಲ್ಲಿ ಎಷ್ಟು ಜನ ಸರಿಯಾದ ಉತ್ತರ ಕೊಡಬಲ್ಲವರಿದ್ದರೆಂಬುದು ನಮಗೆ ಸಂಶಯ. ಆ ಸಂಶಯವೇ ಈ ಲೇಖನಕ್ಕೆ ಕಾರಣ.

ಉಳ್ಳಾಲಕ್ಕೆ ಪುಣೆಯಿಂದ ದಾರಿ ಸುಲಭ. ಎರ್ನಾಕುಲದ ಕಡೆ ಹೋಗುವ ಗಾಡಿ ಹತ್ತಿದರಾಯಿತು. ಮಂಗಳೂರು ಜಂಕ್ಷನ್ ಬಿಟ್ಟು ಸ್ವಲ್ಪ ಹೊತ್ತಿಗೆ ಗಾಡಿ ನೇತ್ರಾವತಿಯ ಉದ್ದನೆಯ ಸೇತುವೆಯನ್ನೇರುತ್ತದೆ. ಆಗ ಬಲಗಡೆಯ ಕಿಟಕಿಯಲ್ಲಿ ನೋಡಬೇಕು. ಹೊಳೆ ಅಗಲವಾಗಿ ಕಡಲಿನತ್ತ ಸಾಗಿ, ಕಡಲು ಕೈಗೆ ಸಿಗುವಷ್ಟರಲ್ಲಿ ಬಡಗಣಕ್ಕೆ ತಿರುಗಿ, ಆ ದಿಕ್ಕಿನಿಂದ ಬರುವ ಗುರುಪುರ ಹೊಳೆಯನ್ನು ಸಂಧಿಸಿ, ಎರಡೂ ಒಂದೇ ಬಾಗಿಲಿನಿಂದ ಸಮುದ್ರಕ್ಕೆ ಬೀಳುತ್ತವೆ. ಈ ಬಾಗಿಲನ್ನು ಅಲ್ಲಿಯವರು ಅಳಿವೆ ಎನ್ನುತ್ತಾರೆ. ಅಳಿವೆಯ ಬಡಗಣ ನಾಲಿಗೆ ಬೆಂಗರೆ. ತೆಂಕಣ ನಾಲಿಗೆ ಕೋಟೆಪುರ. ಹೊಳೆಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಆ ಮರಳುಪಟ್ಟಿ, ಅದರ ತೆಂಗಿನ ಸಾಲು, ಅದರ ಬೆನ್ನಿಗಿರುವ ದಿಣ್ಣೆಗಳು, ಇವೆಲ್ಲ ಸೇರಿ ಉಳ್ಳಾಲ. ಮದರಾಸಿನ ಕಡೆಯ ರೈಲುದಾರಿ 1907ರಲ್ಲಿ ಈ ಹೊಳೆಯನ್ನು ದಾಟಿ ಮಂಗಳೂರನ್ನು ಮುಟ್ಟಿತು. ಅದಕ್ಕೆ ಮೊದಲು, ಹೆದ್ದಾರಿಯ ಸೇತುವೆ ಆಗುವತನಕ ನಂತರವೂ ಎಷ್ಟೋ ಮಂದಿಗೆ, ಪೇಟೆಗೆ ಹೋಗುವುದೆಂದರೆ ದೋಣಿಯೇ ಗತಿ. ಕಣ್ಣೆದುರಿಗೆ ಕಾಣುವ ಪೇಟೆಗೆ ಹೊಳೆ ದಾಟಿ ಹೋಗಬೇಕಾದ ಊರಿಗೆ ತನ್ನದೇ ಒಂದು ಠೀವಿ ಉಳಿದುಕೊಳ್ಳುತ್ತದೆ. ಇಂದು ಅದು ಮಂಗಳೂರಿನ ಉಪನಗರವೆನಿಸಿದ್ದರೂ, ಈಚೆಗೆ ತಾಲೂಕಿನ ಕೇಂದ್ರವೂ ಆಗಿದ್ದರೂ, ಉಳ್ಳಾಲದವರು ತಮ್ಮನ್ನು ಮಂಗಳೂರಿನವರೆಂದು ಹೇಳಿಕೊಳ್ಳುವುದು ಪರಊರಿನಲ್ಲಿ ಮಾತ್ರ.

ಹದಿನಾರನೆಯ ಶತಮಾನದಲ್ಲಿ ಈ ದಂಡೆಗೆ ಬಂದವರು ಹುಡುಕುತ್ತಿದ್ದುದು ಎರಡು ವಸ್ತು: ಘಟ್ಟದಿಂದ ಇಳಿದುಬರುವ ಕರಿಮೆಣಸು, ಬಯಲಿನಲ್ಲಿ ಬೆಳೆಯುವ ಅಕ್ಕಿ. ಮೆಣಸಿನ ಮಾತನ್ನು ಎಲ್ಲರೂ ಆಡುತ್ತಾರೆ. ಅಕ್ಕಿಯ ಮಾತನ್ನು ಆಡುವವರು ಕಡಿಮೆ. ಮಲೆಯಾಳ ದಂಡೆಗೂ ದೂರದ ಹೋರ್ಮುಜಿಗೂ ಈ ತೀರದ ಅಕ್ಕಿ ಹೋಗುತ್ತಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೆ ತಮ್ಮ ಕೋಟೆಗಳ ಕಾವಲುಗಾರರ ಹೊಟ್ಟೆ ತುಂಬಿಸಲೂ ಅದೇ ಅಕ್ಕಿ ಬೇಕಿತ್ತು. ಆದುದರಿಂದ ಕರಾವಳಿಯ ಅರಸರಿಂದ ಅವರು ಕೇಳುತ್ತಿದ್ದ ಕಪ್ಪಕಾಣಿಕೆ ಬಹುಪಾಲು ಅಕ್ಕಿಯ ಮೂಡೆಗಳ ರೂಪದ್ದು. ಇದರ ಮೇಲೆ ಕರ್ತಾಸ್ ಎಂಬ ರಹದಾರಿ ಚೀಟಿ. ಆ ಚೀಟಿಯಿಲ್ಲದ ಹಡಗು ಸಮುದ್ರದಲ್ಲಿ ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ತನ್ನ ಊರಿನ ಮುಂದಿನ ಕಡಲಿಗೆ ಪರದೇಶಿಯ ಅಪ್ಪಣೆ ಪಡೆಯುವುದು ಯಾರಿಗೆ ಹಿಡಿಸೀತು?

ಉಳ್ಳಾಲವನ್ನು ಆಗ ಆಳುತ್ತಿದ್ದವರು ಚೌಟರು. ಅವರು ಜೈನರು, ಸೋಮೇಶ್ವರದ ದಿಣ್ಣೆಯ ಮೇಲೆ ಕಡಲಿಗೆ ಮುಖಮಾಡಿ ನಿಂತ ಸೋಮನಾಥನಿಗೂ ನಡೆದುಕೊಳ್ಳುತ್ತಿದ್ದವರು. ತುಳುನಾಡಿನ ಬಹು ಮನೆತನಗಳಂತೆ ಅವರದೂ ಅಳಿಯಸಂತಾನದ ಕಟ್ಟು. ಪಟ್ಟ ತಂದೆಯಿಂದ ಮಗನಿಗೆ ಬಾರದು. ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಬರುವುದು. ಹೀಗಾಗಿ ಹೆಣ್ಣು ಗದ್ದುಗೆಯೇರುವುದು ಅಲ್ಲಿ ಆಪತ್ಕಾಲದ ಏರ್ಪಾಡಲ್ಲ, ಕುಲದ ನಡೆ. ಘಟ್ಟದ ಮೇಲಿನ ನಮ್ಮ ಬಂಧುಗಳು ಇದೊಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ. ಗಂಡನನ್ನು ಕಳೆದುಕೊಂಡು, ದತ್ತುಮಗನ ಹಕ್ಕಿಗಾಗಿ ಖಡ್ಗ ಹಿಡಿದ ಕಿತ್ತೂರ ರಾಣಿಯ ಕಥೆಯ ಅಚ್ಚಿನಲ್ಲಿ ಅಬ್ಬಕ್ಕನನ್ನು ಎರಕ ಹೊಯ್ಯಲಾಗದು. ಆಕೆ ತಿರುಮಲರಾಯ ಚೌಟನ ಸೋದರಸೊಸೆಯಾಗಿ ತನ್ನ ಹಕ್ಕಿನಿಂದಲೇ ಅರಸಿ; ಹೊಳೆಯಾಚೆಯ ಬಂಗರಸನ ಕೈಹಿಡಿದ ಮೇಲೂ ಆಕೆಯ ಗದ್ದುಗೆ ಉಳ್ಳಾಲದಲ್ಲಿಯೇ.

ಈ ಅಬ್ಬಕ್ಕ ಒಬ್ಬಳೇ ಎಂದು ನಾಟಕಗಳೂ ಹಾಡುಗಳೂ ಹೇಳುತ್ತವೆ. ಚರಿತ್ರೆ ಹಾಗೆ ಹೇಳಗೊಡುವುದಿಲ್ಲ. 1555-56ರ ಸುಮಾರಿಗೆ ಗೋವೆಯಿಂದ ಅಲ್ವಾರೋ ದ ಸಿಲ್ವೇರನ ಹಡಗುಗಳು ಕಪ್ಪ ಕೊಡಲೊಲ್ಲದ ಉಳ್ಳಾಲದ ರಾಣಿಯ ಮೇಲೆ ಬಂದವು. 1568ರಲ್ಲಿ ರಾಜಪ್ರತಿನಿಧಿ ಅಂತಾವೊ ದ ನೊರೋನ್ಯನೇ ದಂಡು ಕಟ್ಟಿಕೊಂಡು ಬಂದು ಮಂಗಳೂರಿನಲ್ಲಿ ಸಂತ ಸೆಬಾಸ್ತಿಯನನ ಹೆಸರಿನ ಕೋಟೆ ಕಟ್ಟಿಸಿದ. ಅಲ್ಲಿಂದ 1623ಕ್ಕೆ ಬಂದರೆ ಆಗಲೂ ಉಳ್ಳಾಲಕ್ಕೆ ಅಬ್ಬಕ್ಕನೆಂಬ ರಾಣಿ. ನೋಡಲು ನಾಲ್ವತ್ತರ ಪ್ರಾಯದವಳು. ಲೆಕ್ಕ ಕೂಡದು. 1923ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಬರೆದ ಗಣಪತಿ ರಾವ್ ಐಗಳ್ ಮೊದಲಾದವರ ಶೋಧನೆಯಿಂದ ಮುಂದಿನವರು ತೀರ್ಮಾನಿಸಿದ್ದು, ಒಂದೇ ಮನೆತನದಲ್ಲಿ ಒಂದೇ ಹೆಸರು ಹೊತ್ತ ಕಡಿಮೆಯೆಂದರೆ ಇಬ್ಬರು ಅಬ್ಬಕ್ಕರು ಆಳಿದರೆಂದು. ಹದಿನಾರನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರ ದಂಡನ್ನು ಎದುರಿಸಿದವಳು ಒಬ್ಬಳು. ಹದಿನೇಳನೆಯದರ ಮೊದಲಲ್ಲಿ ಗಂಡನಾದ ಬಂಗರಸನನ್ನೇ ತೊರೆದು, ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳಿಸಿದವಳು ಇನ್ನೊಬ್ಬಳು. ಬಂಗರಸ ಪೋರ್ಚುಗೀಸರ ನೆರವು ಬೇಡಿದ. ಈಕೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆಸಿಕೊಂಡಳು. ಬಂಗರಸನೂ ಅವನ ಹಿತೈಷಿಗಳೂ ಸೋತರು. ಜನರ ಬಾಯಲ್ಲಿ ಈ ಎರಡು ಬಾಳು ಒಂದಾಗಿಹೋಗಿವೆ. ಹೀಗೆ ಒಂದಾದುದರಿಂದ ಅಬ್ಬಕ್ಕನ ಕೀರ್ತಿಗೆ ಕುಂದಿಲ್ಲ. ಆದರೆ ಎರಡು ತಲೆಮಾರಿನ ಹೆಣ್ಣುಗಳು ಪಾಳಿಯ ಮೇಲೆ ನಿಂತು ಕಾಯ್ದ ಊರು ಎಂಬ ಇನ್ನೂ ದೊಡ್ಡ ಸಂಗತಿ ಮರೆಯಾಗುತ್ತದೆ.

ರಾತ್ರಿಯಲ್ಲಿ ಮೊಗವೀರರು ದೋಣಿಯೇರಿ ಹೋಗಿ ತೆಂಗಿನ ಗರಿಯ ಸೂಟೆಗಳಿಂದ ವೈರಿಯ ಹಡಗುಗಳಿಗೆ ಬೆಂಕಿಯಿಟ್ಟರೆಂದೂ, ಊರು ಬಿದ್ದ ದಿನ ರಾಣಿ ಮಸೀದಿಯಲ್ಲಿ ಅಡಗಿ ಬದುಕಿಕೊಂಡಳೆಂದೂ ಅಲ್ಲಿಯ ಜನ ಹೇಳುತ್ತಾರೆ. ಇವಕ್ಕೆ ಕಾಗದದ ಸಾಕ್ಷಿ ಕೇಳುವುದು ಇತಿಹಾಸಕಾರನ ಕೆಲಸ. ನಾವು ಇಲ್ಲಿ ಗಮನಿಸುವುದು, ಜೈನ ರಾಣಿಯ ಕಥೆಯನ್ನು ಹೇಳುವಾಗ ಮೊಗವೀರನೂ ಬ್ಯಾರಿಯೂ ತಂತಮ್ಮ ಅಜ್ಜಂದಿರನ್ನು ಅದರೊಳಗೆ ಕೂರಿಸಿಕೊಂಡಿದ್ದಾರೆ ಎಂಬುದನ್ನು. ಹಾಗೆ ಕೂರಿಸಿಕೊಳ್ಳಲು ಎಡೆಯಿರುವ ಕಥೆ ನಮ್ಮಲ್ಲಿ ಎಷ್ಟಿವೆ?

ಕಾಗದದ ಸಾಕ್ಷಿಯೂ ಒಂದುಂಟು, ಅದೂ ಬಹು ಸೊಗಸಾದುದು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಕುಲೀನ 1614ರಲ್ಲಿ ದೇಶ ತಿರುಗಲು ಹೊರಟವನು ತುರ್ಕಿ, ಪರ್ಸಿಯಾಗಳನ್ನು ನೋಡಿ 1623ರಲ್ಲಿ ಹಿಂದುಸ್ಥಾನಕ್ಕೆ ಬಂದ. ಪರ್ಸಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಸ್ವಂತ ಊರಿನ ಮಣ್ಣಿಗೆ ಸೇರಿಸುವೆನೆಂದು ಸಾಗಿಸುತ್ತಿದ್ದ ವಿಚಿತ್ರ ಮನುಷ್ಯ. ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಗೆ ಹೋಗಿ, ಘಟ್ಟವಿಳಿದು ಮಂಗಳೂರಿಗೆ ಬಂದವನಿಗೆ ಉಳ್ಳಾಲದ ರಾಣಿಯನ್ನು ಕಾಣುವ ಆಸೆಯಾಯಿತು. ಉಳ್ಳಾಲಕ್ಕೆ ಹೋದ, ರಾಣಿ ಅಲ್ಲಿರಲಿಲ್ಲ. ಊರು ನೋಡಿ ಬರೆದಿಟ್ಟ. ಪೇಟೆ ತಕ್ಕಮಟ್ಟಿಗಿದೆ, ದಿನಸಿಯನ್ನು ಬಿಟ್ಟರೆ ಅಲ್ಲಿ ಹೇರಳವಾಗಿ ಸಿಕ್ಕುವುದು ಆ ಊರಲ್ಲಿಯೇ ನೇಯ್ದ ಬಿಳಿಯ ಹಾಗೂ ಪಟ್ಟೆಯ ಒರಟು ಬಟ್ಟೆ, ಊರ ಕೊನೆಗೆ ಚೆಲುವಾದ ತೋಪು, ಅದರಾಚೆ ಜನರು ಬಹಳ ನಂಬಿದ ಒಂದು ದೊಡ್ಡ ಗುಡಿ, ಹಿಂದೂಗಳೂ ಮಲಬಾರಿನ ಮುಸಲ್ಮಾನರೂ ಬೆರೆತು ವಾಸವಾಗಿದ್ದಾರೆ ಎಂದು ಅವನ ವರದಿ. ನಾಲ್ಕು ನೂರು ವರುಷಗಳ ಹಿಂದಿನ ಈ ನಾಲ್ಕು ಸಾಲಿನ ವರದಿಯಲ್ಲಿ ಮಗ್ಗವನ್ನು ತೆಗೆದುಹಾಕಿದರೆ ಉಳಿದುದೆಲ್ಲ ಇಂದಿನ ಉಳ್ಳಾಲವೇ ಎನ್ನಬಹುದು.

ರಾಣಿ ಅವನಿಗೆ ಸಿಕ್ಕಿದ್ದು ಒಳನಾಡಿನ ಮಾನೆಲ್ ಎಂಬಲ್ಲಿ, ಅರಮನೆಯಲ್ಲಲ್ಲ, ಬೀದಿಯಲ್ಲಿ. ಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಯ ಅಗೆತವನ್ನು ನೋಡಿಕೊಂಡು ನಡೆದು ಬರುತ್ತಿದ್ದಳು. ಬರಿಗಾಲು. ಸೊಂಟಕ್ಕೆ ಒಂದು ದಪ್ಪ ಬಿಳಿಯ ಹತ್ತಿಬಟ್ಟೆ, ತಲೆ ಹೆಗಲ ಮೇಲೆ ಇನ್ನೊಂದು ತುಂಡು. ಬಿಸಿಲಿಗೆ ಓಲೆಯ ಕೊಡೆ. ಹಿಂದೆ ಮುಂದೆ ಕೆಲವೇ ಆಳುಗಳು. ಯುರೋಪಿನ ಅರಸೊತ್ತಿಗೆಯ ಠಾಕುಠೀಕನ್ನು ಕಂಡ ಆ ಮನುಷ್ಯನಿಗೆ ಆಕೆ ಅಡಿಗೆಮನೆಯ ಆಳಿನಂತೆ ಕಂಡಳಂತೆ. ಬಾಯಿ ತೆರೆದ ಮೇಲೆ ಮಾತ್ರ ಆಕೆ ರಾಣಿಯೇ ಎಂದು ಒಪ್ಪಿಕೊಂಡ. ಅವನನ್ನು ಕಂಡೊಡನೆ ನಿಂತು, ನೀನು ಯಾವ ದೇಶದವನು, ಏಕೆ ಇಷ್ಟು ದೂರ ತಿರುಗುತ್ತಿರುವೆ, ಏನೇನು ನೋಡಿದೆ ಎಂದು ವಿಚಾರಿಸಿದಳು. ಆಕೆಯ ಹೆಸರನ್ನು ಅವನು ತನ್ನ ಕಿವಿಗೆ ಬಿದ್ದಂತೆ ಅಬಗ್ ದೇವಿ ಚೌಟ್ರು ಎಂದು ಬರೆದುಕೊಂಡು, ಅದರಲ್ಲಿ ಸ್ವಂತ ಹೆಸರು ಯಾವುದು, ಗೌರವದ ಮಾತು ಯಾವುದು, ಮನೆತನದ ಹೆಸರು ಯಾವುದು ಎಂದು ಬಿಡಿಸಿಯೂ ಇಟ್ಟಿದ್ದಾನೆ. ಆಕೆಯ ವಿಷಯದಲ್ಲಿ ಕೆಲವು ಕೆಟ್ಟ ಗಾಳಿಮಾತುಗಳನ್ನೂ ದಾಖಲಿಸಿದ್ದಾನೆ. ಅವನು ಬಂದದ್ದು ಯಾರ ಸಂಗಡ ಎಂಬುದನ್ನು ನೆನೆದರೆ ಅವುಗಳಿಗೆ ಕೊಡಬೇಕಾದ ಬೆಲೆ ತಿಳಿಯುತ್ತದೆ.

ಅಬ್ಬಕ್ಕನ ಚಿತ್ರಗಳು ಈಗ ಬೇಕಾದಷ್ಟಿವೆ. ಕುದುರೆ, ಕವಚ, ಕಿರೀಟ. 2012ರಲ್ಲಿ ಭಾರತದ ಕರಾವಳಿ ರಕ್ಷಣಾಪಡೆ ತನ್ನ ಹಡಗೊಂದಕ್ಕೆ ಆಕೆಯ ಹೆಸರಿಟ್ಟಿತು. 2023ರಲ್ಲಿ ಅಂಚೆ ಇಲಾಖೆ ಆಕೆಯ ಚೀಟಿ ತೆಗೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಕಣ್ಣಾರೆ ಕಂಡವನೊಬ್ಬ ಕೊಟ್ಟ ಚಿತ್ರದಲ್ಲಿ ಕುದುರೆಯೂ ಇಲ್ಲ, ಕಿರೀಟವೂ ಇಲ್ಲ, ಕಾಲುವೆಯುಂಟು. ಅಕ್ಕಿಗಾಗಿ ಹಡಗು ತಂದವರನ್ನು ತಡೆದ ಮನೆತನದ ಹೆಣ್ಣು ಬಿಸಿಲಿನಲ್ಲಿ ನಿಂತು ಗದ್ದೆಗೆ ನೀರು ಬಂತೋ ಇಲ್ಲವೋ ನೋಡುತ್ತಿದ್ದಳು. ನಮಗೆ ಈ ಚಿತ್ರವೇ ಹೆಚ್ಚು ಪ್ರಿಯ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. ಚೌಟರು ಒಳನಾಡಿಗೆ, ಪುತ್ತಿಗೆ ಮೂಡುಬಿದಿರೆಗಳ ಕಡೆಗೆ ಸರಿದರು. ಮೂಡುಬಿದಿರೆಯ ಅವರ ಅರಮನೆಯಲ್ಲಿ ಒಂಬತ್ತು ಹೆಣ್ಣುಗಳು ಹೆಣೆದುಕೊಂಡು ಆನೆಯಾದ ಕೆತ್ತನೆಯ ಕಂಬವನ್ನು ಇಂದಿಗೂ ನೋಡಬಹುದು. ಕೆಳದಿಯವರ ನಂತರ 1763ರಲ್ಲಿ ಹೈದರಾಲಿ, 1799ರಲ್ಲಿ ಕಂಪೆನಿ ಸರಕಾರ. 1862ರಲ್ಲಿ ಇಂಗ್ಲಿಷರು ಕನ್ನಡ ಜಿಲ್ಲೆಯನ್ನು ಸೀಳಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟು, ದಕ್ಷಿಣದ ಭಾಗವನ್ನು ಮದರಾಸಿನಲ್ಲಿಯೇ ಉಳಿಸಿಕೊಂಡರು. ಕಾರವಾರದವರಿಗೆ ಮುಂಬಯಿ ಪುಣೆಗಳು ಸರಕಾರದ ಊರುಗಳಾದವು, ಉಳ್ಳಾಲದವರಿಗೆ ಮದರಾಸು. ಆದರೂ ಕಡಲಿನ ದಾರಿಗೆ ಸರಕಾರದ ಗಡಿ ಇರಲಿಲ್ಲ. ಉಳ್ಳಾಲದ ಎದುರುದಡದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಹೊಳೆಯ ಜೇಡಿಯಿಂದ ಹಂಚು ಸುಡುವ ಕಾರಖಾನೆ ಆರಂಭಿಸಿದರು. ಆ ಹಂಚು ಮಂಜಿಗಳಲ್ಲಿ ಹೇರಿಕೊಂಡು ಮುಂಬಯಿಗೆ ಬಂತು, ಅಲ್ಲಿಂದ ಘಟ್ಟವೇರಿ ಪುಣೆಗೂ ಬಂತು. ನಮ್ಮ ಪೇಠೆಗಳ ಹಳೆಯ ವಾಡೆಗಳ ಮೇಲೆ ಕೆಂಪಗೆ ಕಾಣುವುದನ್ನು ಮರಾಠಿ ನೆರೆಯವರು ಮಂಗಳೋರಿ ಕೌಲ ಎಂದೇ ಕರೆಯುತ್ತಾರೆ. ನಾವು ಬರುವುದಕ್ಕೆ ಎಷ್ಟೋ ಮೊದಲೇ ನೇತ್ರಾವತಿಯ ಮಣ್ಣು ಇಲ್ಲಿಗೆ ಬಂದು, ಮಳೆಯಲ್ಲಿ ಊರವರ ತಲೆ ಕಾಯುತ್ತಿತ್ತು.

ಊರಿನ ಹೆಸರನ್ನು ಹೊತ್ತು ಹೊರಗೆ ನಡೆದವರೂ ಉಂಟು. ಸಾರಸ್ವತ ಮನೆತನಗಳಲ್ಲಿ ಉಳ್ಳಾಲವೆಂಬುದು ಅಡ್ಡಹೆಸರು. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿಗೂ ಪಣಂಬೂರಿನ ಹೊಸ ಬಂದರಕ್ಕೂ ದುಡಿದು 1965ರಲ್ಲಿ ತೀರಿಕೊಂಡ ಸಂಸತ್ಸದಸ್ಯ ಯು. ಶ್ರೀನಿವಾಸ ಮಲ್ಯರ ಹೆಸರಿನ ಮೊದಲಕ್ಷರ ಉಳ್ಳಾಲದ್ದೇ. ಅವರಿಗೂ ಹಿಂದೆ ಮಂಗಳೂರಿನ ಬ್ರಾಹ್ಮಸಮಾಜದ ಮುಂದಾಳಾಗಿದ್ದವರು ಉಳ್ಳಾಲ ರಘುನಾಥಯ್ಯನವರು. ಅವರ ಪ್ರಭಾವಕ್ಕೆ ಒಳಗಾದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಮಿಶನ್ ಕಟ್ಟಿದರು. ಅದೇ ಕೆಲಸವನ್ನು 1906ರಲ್ಲಿ ಮುಂಬಯಿಯಲ್ಲಿ ಕೈಗೊಂಡು ಮುಂದೆ ಪುಣೆಯಲ್ಲಿ ಬೆಳೆಸಿದ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರು ನಮ್ಮ ಜಮಖಂಡಿಯಲ್ಲಿ ಹುಟ್ಟಿದವರು. ನಮ್ಮ ಊರುಗಳ ನಡುವಿನ ಎಳೆಗಳು ಹೀಗೆ ಎಲ್ಲೆಲ್ಲೋ ಕೂಡಿಕೊಳ್ಳುತ್ತವೆ.

ಇಂದಿನ ಉಳ್ಳಾಲದ ಜನರ ಮಾತು. ದಂಡೆಯ ಮೇಲೆ ಮೊಗವೀರಪಟ್ಣ. ಹಿಂದೆ ರಂಪಣಿ ಬಲೆ ಬಿಟ್ಟು, ಊರಿಗೆ ಊರೇ ಎರಡು ಬದಿಯಲ್ಲಿ ಹಗ್ಗ ಹಿಡಿದು ಎಳೆದು, ಬಂದ ಬಂಗುಡೆ ಬೂತಾಯಿಗಳನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಯಂತ್ರದೋಣಿಗಳು ಬಂದ ಮೇಲೆ ರಂಪಣಿ ಅಪರೂಪ; ದುಡಿಮೆಯ ಬಹುಭಾಗ ಹೊಳೆಯಾಚೆಯ ಧಕ್ಕೆಗೆ ಹೋಯಿತು. ಬ್ಯಾರಿ ಮುಸಲ್ಮಾನರು ಇಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮದೀನೆಯಿಂದ ಬಂದರೆಂದು ನಂಬಲಾದ ಸೈಯದ್ ಮಹಮ್ಮದ್ ಶರೀಫುಲ್ ಮದನಿಯವರ ದರ್ಗಾ ಊರಿನ ಕೀರ್ತಿ. ಐದು ವರುಷಕ್ಕೊಮ್ಮೆ ನಡೆಯುವ ಅದರ ಉರೂಸಿಗೆ ನಾನಾ ಕಡೆಯ, ನಾನಾ ಮತದ ಜನ ಸೇರುತ್ತಾರೆ. ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ತಿಯನನ ಇಗರ್ಜಿ. ಅಬ್ಬಕ್ಕನ ವೈರಿಗಳ ಕೋಟೆಗಿದ್ದ ಹೆಸರೇ ಇಂದು ಆಕೆಯ ಊರಿನಲ್ಲಿ ಗಂಟೆ ಬಾರಿಸುತ್ತಿದೆ, ಯಾರ ಮನಸ್ಸಿಗೂ ಅದರಿಂದ ನೋವಿಲ್ಲ! ಮನೆಯ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವುದು ಇಲ್ಲಿಯ ಹೆಂಗಸರ ಹಳೆಯ ಕಸುಬು. ಆ ದುಡ್ಡಿನಿಂದಲೇ ಮಕ್ಕಳು ಓದಿದರು, ಓದಿದವರು ಮುಂಬಯಿಗೂ ಅರಬರ ನಾಡಿಗೂ ಹೋದರು. ನಿಪ್ಪಾಣಿಯ ಕಡೆಯ ನಮ್ಮ ಸೋದರಿಯರಿಗೆ ಈ ಮೊರದ ಭಾರ ಎಷ್ಟೆಂದು ಹೇಳಬೇಕಾಗಿಲ್ಲ.

ಇಷ್ಟು ಜನರಲ್ಲಿ ಮನೆಯಲ್ಲಿ ಕನ್ನಡವಾಡುವವರು ಕೆಲವರೇ. ತುಳು, ಬ್ಯಾರಿ, ಕೊಂಕಣಿ, ಮಲೆಯಾಳ ಇವು ಒಲೆಯ ಮುಂದಿನ ಮಾತುಗಳು. ಶಾಲೆಗೆ, ಪತ್ರಿಕೆಗೆ, ಯಕ್ಷಗಾನಕ್ಕೆ ಕನ್ನಡ. ಸೋಮೇಶ್ವರದಲ್ಲಿ ಬಾಳಿ 2024ರಲ್ಲಿ ಅಗಲಿದ ಅಮೃತ ಸೋಮೇಶ್ವರರು ಪುತ್ತೂರಿನ ಕಾಲೇಜಿನಲ್ಲಿ ಕನ್ನಡ ಕಲಿಸಿ, ತುಳುವಿನಲ್ಲಿ ಬರೆದು, ಯಕ್ಷಗಾನ ಪ್ರಸಂಗಗಳನ್ನು ಕಟ್ಟಿದವರು. 1956ನೆಯ ನವೆಂಬರ್ 1ರಂದು ನಾಡು ಒಂದಾದಾಗ ಕಾಸರಗೋಡು ಕೇರಳಕ್ಕೆ ಹೋಗಿ, ಉಳ್ಳಾಲದ ತೆಂಕಣಕ್ಕೆ ಸ್ವಲ್ಪ ದೂರದ ತಲಪಾಡಿಯಲ್ಲಿ ಗಡಿ ಬಿತ್ತು. ಅದರಾಚೆ ಮಂಜೇಶ್ವರ, ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಕನ್ನಡನಾಡಿನ ಹೊರಗುಳಿಯಿತು. ಉಳ್ಳಾಲದವರಿಗೆ ನಿನ್ನೆಯ ನೆಂಟರಮನೆ ಮರುದಿನ ಪರರಾಜ್ಯವಾಯಿತು. ನವೆಂಬರ್ ಒಂದನ್ನು ಅವರು ಆಚರಿಸುವಾಗ ಸಂತೋಷದೊಳಗೆ ಈ ಒಂದು ಮುಳ್ಳೂ ಇರುತ್ತದೆ. ಬೆಳಗಾವಿಯ ಕಡೆಯ ನಮ್ಮವರಿಗೂ ಗಡಿಯ ಮುಳ್ಳು ಹೊಸದಲ್ಲ. ಪುಣೆಯಲ್ಲಿದ್ದುಕೊಂಡು ಅದರ ಬಗ್ಗೆ ಮೆಲ್ಲನೆ ಮಾತಾಡುವುದನ್ನು ನಾವು ಕಲಿತಿದ್ದೇವೆ.

ಮನುಷ್ಯರು ಎಳೆದ ಗಡಿ ಹಾಗಿರಲಿ, ಕಡಲು ಎಳೆಯುವ ಗಡಿಯದು ಈಗಿನ ಸಂಕಟ. ಮಳೆಗಾಲ ಬಂತೆಂದರೆ ಉಳ್ಳಾಲದಲ್ಲಿ ಕಡಲ್ಕೊರೆತ. ದಂಡೆಯುದ್ದಕ್ಕೂ ಮರಳು ಅಲೆಗಳೊಡನೆ ಸಾಗುತ್ತಲೇ ಇರುತ್ತದೆ. ಒಂದು ಋತುವಿನಲ್ಲಿ ಹೋದುದು ಇನ್ನೊಂದರಲ್ಲಿ ಬಂದು ತುಂಬುತ್ತದೆ. ಅಳಿವೆಯ ಬಾಗಿಲು ಹೂಳದಿರಲೆಂದು ಎರಡು ಬದಿಗೂ ಕಲ್ಲಿನ ಒಡ್ಡುಗಳನ್ನು ಚಾಚಿದರು. ದೋಣಿಗಳಿಗೆ ಅದರಿಂದ ಉಪಕಾರವಾಯಿತು, ಮರಳಿನ ಓಡಾಟ ಕೆಟ್ಟಿತು. ಹೊಳೆಗಳಿಂದ ಮರಳೆತ್ತುವುದೂ ಸೇರಿ, ಹೋದ ಮರಳು ಹಿಂದಿರುಗದಾಯಿತು. ಮೊಗವೀರಪಟ್ಣ, ಮುಕ್ಕಚ್ಚೇರಿ, ಸೋಮೇಶ್ವರ ಉಚ್ಚಿಲಗಳಲ್ಲಿ ಮನೆ, ತೆಂಗು, ರಸ್ತೆ ಒಂದೊಂದಾಗಿ ಹೋದವು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ, 2010ರ ನಂತರ, ಕಡಲೊಳಗೆ ಕಲ್ಲಿನ ದಿಬ್ಬಗಳನ್ನು ಕಟ್ಟಿದ್ದಾರೆ. ಕೆಲವು ಕಡೆ ದಂಡೆ ನಿಂತಿದೆ, ಕೊರೆತ ತೆಂಕಣಕ್ಕೆ ಸರಿದಿದೆ.

ಕೆಲವು ವರುಷಗಳ ಹಿಂದೆ ನಾವು ಅಲ್ಲಿಗೆ ಹೋದಾಗ ಇಳಿಹೊತ್ತು. ಪ್ರಾಯವಾದ ಒಬ್ಬ ಮೊಗವೀರ ಹೆಂಗಸು ನೀರಿನತ್ತ ಕೈತೋರಿ, ಅಗೋ ಅಲ್ಲಿ ನ��್ಮ ಬಾವಿ ಇತ್ತು ಮಗಾ, ಅದರಾಚೆಗೆ ತೆಂಗು, ತೆಂಗಿನಾಚೆಗೆ ಮೀನು ಒಣಗಿಸುವ ಬಯಲು, ಅದರಾಚೆಗೆ ಕಡಲು ಎಂದರು. ಅವರು ತೋರಿಸಿದ ಜಾಗದಲ್ಲೆಲ್ಲ ಅಲೆ ಬೀಳುತ್ತಿತ್ತು. ಮಗ ಪುಣೆಯಲ್ಲಿಯೇ ಹೊಟೇಲಿನಲ್ಲಿದ್ದಾನೆ, ಕಂಡರೆ ಮಳೆಗಾಲಕ್ಕೆ ಮೊದಲು ಬರಲು ಹೇಳಿ ಎಂದರು. ಯಾವ ಹೊಟೇಲೆಂದು ಅವರಿಗೆ ಗೊತ್ತಿರಲಿಲ್ಲ. ಇದನ್ನು ಓದುವವರಲ್ಲಿ ಅವನು ಇದ್ದರೆ ಹೇಳಿದಂತಾಯಿತು.

ಈ ಸಲದ ಮೆರವಣಿಗೆಗೆ ಧಾರವಾಡದ ಕಡೆಯ ತಾಯಿಯೊಬ್ಬರು ಮಗಳಿಗೆ ಅಬ್ಬಕ್ಕನ ವೇಷ ಹಾಕಬೇಕೆಂದು ನಮ್ಮನ್ನು ವಿಚಾರಿಸಿದರು. ನಾವು ಮೇಲಿನ ವಿವರವನ್ನೆಲ್ಲ ಹೇಳಿ, ಬಿಳಿಯ ನೂಲಿನ ಸೀರೆ, ಬರಿಗಾಲು, ಓಲೆಯ ಕೊಡೆ ಸಾಕು ಎಂದೆವು. ಖಡ್ಗವಿಲ್ಲದೆ ಬಹುಮಾನ ಬಂದೀತೆ ಎಂಬ ಚಿಂತೆ ಅವರಿಗೆ ಸ್ವಲ್ಪ ಆಯಿತು. ಆಮೇಲೆ, “ಇರಲಿ ಬಿಡ್ರಿ ಸರ. ಆದ್ರ ಆ ಓಲಿ ಕೊಡಿ ಪುಣ್ಯಾದಾಗ ಎಲ್ಲಿ ಸಿಗತದ?” ಎಂದು ಕೇಳಿದರು. ತುಳಶೀಬಾಗಿನಲ್ಲಿ ಒಮ್ಮೆ ನೋಡಿರೆಂದು ಹೇಳಿ ಕಳಿಸಿದ್ದೇವೆ.